ಶಿಕ್ಷೆ ಹೆಚ್ಚಿಸಿ ಅನ್ನೋದು ಸುಲಭ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ,

ಮಾನವ ಕಳ್ಳಸಾಗಣೆ ತಡೆಯಲು ಕರ್ನಾಟಕಕ್ಕೆ ತನ್ನದೇ ಕಠಿಣ ಕಾನೂನು ಬೇಕು ಎಂದು ನೀವು ಬರೆದು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸಿಲ್ಲ. ಮಗಳಿಗೆ ಮುತ್ತು ಕಟ್ಟಿಸಿದ, ಅಂದರೆ ಆಕೆಯನ್ನು ದೇವದಾಸಿಯಾಗಿ ಸಮರ್ಪಿಸಿದ ತಾಯಿಯ ಬಗ್ಗೆ ಮಧ್ಯದಲ್ಲಿ ಒಂದು ಪ್ಯಾರಾ ಇದೆಯಲ್ಲ, ಅದು ಚೆನ್ನಾಗಿದೆ. ಆಕೆಯನ್ನು ನೀವು ಬೈದಿಲ್ಲ, ಸಮರ್ಥಿಸಿಯೂ ಇಲ್ಲ. ಅದರ ಸುತ್ತ ಇರುವ ಉಳಿದ ಪುಟಗಳ ಬಗ್ಗೆಯೇ ನನ್ನ ತಕರಾರು.

ಮೊದಲು ತುರ್ತಿನ ವಿಷಯ. ಪುಣೆಯಿಂದ ಬಿಡಿಸಿ ಕರೆತಂದ ಹದಿನಾರು ವರ್ಷದ ಹುಡುಗಿಯ ಹೆಸರು ಬದಲಿಸಿದ್ದೀರಿ, ಸರಿ. ಆದರೆ ಊರು, ಓಣಿ, ಆಕೆ ಓದಿದ ಶಾಲೆ, ತಾಯಿ ಕೂಲಿಗೆ ಹೋಗುವ ತೋಟ ಎಲ್ಲ ಹಾಗೇ ಇವೆ. ಆ ಊರಿನವರಿಗೆ ಯಾರೆಂದು ಗೊತ್ತಾಗಲು ಇಷ್ಟು ಸಾಕಲ್ವಾ? ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಹೆಸರನ್ನಷ್ಟೇ ಅಲ್ಲ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆ ಏನನ್ನೂ ಬಯಲು ಮಾಡಬಾರದು ಎನ್ನುತ್ತದೆ. ಮಾಡಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ; ಅದರ ಹೊಣೆ ಪ್ರಕಾಶಕರ ಮೇಲೂ ಬರುತ್ತದೆ. ಕಾನೂನು ಹಾಗಿರಲಿ, ಆ ಹುಡುಗಿ ನಾಳೆ ಅದೇ ಓಣಿಯಲ್ಲಿ ಓಡಾಡಬೇಕು. ಈ ವಿವರಗಳನ್ನೆಲ್ಲ ತೆಗೆಯಿರಿ.

ಇನ್ನು ವಾದಕ್ಕೆ ಬರೋಣ. 'ಕಳ್ಳಸಾಗಣೆದಾರರಿಗೆ ನಮ್ಮಲ್ಲಿ ತಕ್ಕ ಶಿಕ್ಷೆಯೇ ಇಲ್ಲ' ಎಂದು ಬರೆದಿದ್ದೀರಿ. ಇದೆ. 2013ರಲ್ಲೇ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 370ನೇ ಸೆಕ್ಷನ್ ಬದಲಾಗಿ ಕಳ್ಳಸಾಗಣೆಗೆ ಶಿಕ್ಷೆ ಬಂತು. ಅದೇ ಈಗ ಭಾರತೀಯ ನ್ಯಾಯ ಸಂಹಿತೆಯ 143 ಆಗಿ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಏಳರಿಂದ ಹತ್ತು ವರ್ಷ ಶಿಕ್ಷೆ. ಮಗು ಆಗಿದ್ದರೆ ಕನಿಷ್ಠ ಹತ್ತು ವರ್ಷ, ಜೀವಾವಧಿವರೆಗೂ ಹೋಗಬಹುದು. ಸಂತ್ರಸ್ತರು ಒಪ್ಪಿದ್ದರು ಎನ್ನುವ ಮಾತಿಗೆ ಬೆಲೆ ಇಲ್ಲ ಎಂದೂ ಅಲ್ಲೇ ಬರೆದಿದೆ. ಇನ್ನು ನೀವು ಹೇಳುವ 'ಕೇಂದ್ರದ 2018ರ ಕಾಯ್ದೆ' ಕಾಯ್ದೆಯೇ ಆಗಲಿಲ್ಲ. ಆ ಮಸೂದೆಗೆ ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ಪಾಸಾಗಲಿಲ್ಲ, 2019ರಲ್ಲಿ ಬಿದ್ದುಹೋಯಿತು. ಓದುಗರಲ್ಲಿ ವಕೀಲರೂ ಇರುತ್ತಾರೆ. ಇಂಥ ಒಂದು ಸಾಲು ಸಿಕ್ಕರೆ ಅವರು ಮುಂದೆ ಓದುವುದಿಲ್ಲ.

'ರಾಜ್ಯ ಇಲ್ಲಿಯವರೆಗೆ ಏನೂ ಮಾಡಿಲ್ಲ' ಎಂಬ ಮಾತಂತೂ ನಿಮ್ಮ ಆ ಒಳ್ಳೆಯ ಪ್ಯಾರಾಕ್ಕೇ ವಿರುದ್ಧ. ಮುತ್ತು ಕಟ್ಟುವುದನ್ನು ನಿಷೇಧಿಸಿದ್ದು ರಾಜ್ಯದ್ದೇ ಕಾನೂನು, 1982ರ ಕರ್ನಾಟಕ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ. ಹೆಸರಿನಲ್ಲಿ 1982 ಇದ್ದರೂ ಅದು 1984ರ 1ನೇ ಕಾಯ್ದೆ. ಅದಕ್ಕೂ ಮೊದಲು, ಬೆಳಗಾವಿ, ಧಾರವಾಡ, ವಿಜಯಪುರ ಮುಂಬೈ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ ಅಲ್ಲಿಗೂ ಇಂಥದ್ದೊಂದು ಕಾನೂನು ಬಂದಿತ್ತು. ಯಲ್ಲಮ್ಮನ ಗುಡ್ಡವಿರುವ ಸವದತ್ತಿ ಸೀಮೆಯಲ್ಲಿ ಇದು ನಿಷಿದ್ಧವಾಗಿ ತೊಂಬತ್ತು ವರ್ಷ ದಾಟಿದೆ! ಹಾಗಿದ್ದರೂ ಯಾಕೆ ನಿಲ್ಲಲಿಲ್ಲ? ನಿಮ್ಮ ಲೇಖನ ಹಿಡಿಯಬೇಕಾದ ಪ್ರಶ್ನೆ ಇದು.

1982ರ ಕಾಯ್ದೆಯ ಶಿಕ್ಷೆಯ ಸೆಕ್ಷನ್ ತೆಗೆದು ನಿಧಾನವಾಗಿ ಓದಿ. ಸಮರ್ಪಣೆ ಮಾಡಿದವರಿಗೆ, ಅದರಲ್ಲಿ ಪಾಲುಗೊಂಡವರಿಗೆ ಮೂರು ವರ್ಷದವರೆಗೆ ಜೈಲು. ಕನಿಷ್ಠ ಇಷ್ಟು ಎಂದಿಲ್ಲ. ಅದೇ ಹೆತ್ತವರೋ ಪೋಷಕರೋ ಸಂಬಂಧಿಕರೋ ಆದರೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು. ಅಂದರೆ ಮುತ್ತು ಕಟ್ಟಿದ ಪೂಜಾರಿಗಿಂತ ಕಟ್ಟಿಸಿದ ತಾಯಿಗೆ ಶಿಕ್ಷೆ ಜಾಸ್ತಿ. ಮೇಲ್ನೋಟಕ್ಕೆ ನ್ಯಾಯ ಅನ್ನಿಸಬಹುದು. ಈಗ ನಿಮ್ಮ ಪ್ಯಾರಾದ ಹುಡುಗಿಯ ಜಾಗದಲ್ಲಿ ನಿಂತು ನೋಡಿ. ದೂರು ಕೊಟ್ಟರೆ ಜೈಲಿಗೆ ಹೋಗುವವಳು ಅವ್ವ. ಆ ಅವ್ವನೂ ಹಿಂದೊಮ್ಮೆ ಮುತ್ತು ಕಟ್ಟಿಸಿಕೊಂಡವಳೇ ಇರಬಹುದು. ಮನೆಯಲ್ಲಿ ತಮ್ಮ ತಂಗಿಯರಿದ್ದಾರೆ. ಹುಡುಗಿ ಠಾಣೆ ಮೆಟ್ಟಿಲು ಹತ್ತುತ್ತಾಳಾ? ಭಾರತ ಹುಣ್ಣಿಮೆಗೆ ಗುಡ್ಡದ ಮೇಲೆ ಎಲ್ಲರೆದುರು ನಡೆಯುತ್ತಿದ್ದ ಶಾಸ್ತ್ರ ಮನೆಯೊಳಗೆ, ಕದ ಹಾಕಿಕೊಂಡು ನಡೆಯತೊಡಗಿದರೆ ಸಾಕ್ಷಿ ಹೇಳುವವರು ಯಾರು? ಶಿಕ್ಷೆಯನ್ನು ಇನ್ನೂ ಹೆಚ್ಚಿಸಿ ಎಂದು ಬರೆಯುವ ಮುನ್ನ ಇದಕ್ಕೆ ಉತ್ತರ ಕೊಡಿ. ಉತ್ತರ ಸಿಗದಿದ್ದರೆ ಆ ಬೇಡಿಕೆ ಕೈಬಿಡಿ, ಲೇಖನಕ್ಕೇನೂ ನಷ್ಟವಿಲ್ಲ.

ಅದೇ ಕಾಯ್ದೆಯಲ್ಲಿ ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ಸೆಕ್ಷನ್ ಇದೆ. ದೇವದಾಸಿ ಎಂಬ ಕಾರಣಕ್ಕೆ ಆಕೆಯ ಮದುವೆ ಅಸಿಂಧುವಾಗುವುದಿಲ್ಲ, ಆ ಮದುವೆಯಿಂದ ಹುಟ್ಟಿದ ಮಕ್ಕಳು ಅಕ್ರಮವಲ್ಲ. ಒಳ್ಳೆಯ ಮಾತು. ಆದರೆ ಮದುವೆಯೇ ಆಗದೆ ಹುಟ್ಟಿದ ಮಕ್ಕಳಿಗೆ? ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಖಾಲಿ ಜಾಗಕ್ಕೆ? 2025ರಲ್ಲಿ ವಿಧಾನಮಂಡಲ ಒಪ್ಪಿದ ಹೊಸ ದೇವದಾಸಿ ಮಸೂದೆ ಕೈಹಾಕಿದ್ದು ಇಲ್ಲಿಗೇ. ಅದರ ಹೆಸರಿನಲ್ಲೇ ನಿಷೇಧದ ಜೊತೆ ಪರಿಹಾರ, ಪುನರ್ವಸತಿ ಎಂಬ ಮಾತುಗಳಿವೆ. ತಂದೆ ಯಾರೆಂದು ಗುರುತಿಸಿಕೊಳ್ಳುವ, ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ಅದು ಮಕ್ಕಳಿಗೆ ಕೊಡುತ್ತದೆ. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ರಾಜ್ಯದ ಕಾನೂನು ಶಿಕ್ಷೆಯಿಂದ ಬದುಕಿನ ಕಡೆಗೆ ಎಷ್ಟು ಸರಿದಿದೆ, ಎಲ್ಲಿ ಸರಿದಿಲ್ಲ ಎಂದು ಬರೆಯಿರಿ. ಪೂರ್ತಿ ಲೇಖನ ಅಲ್ಲೇ ಇದೆ.

ಪೊಲೀಸರ ದಾಳಿಗೆ ನೀವು ಎರಡೂವರೆ ಪುಟ ಕೊಟ್ಟಿದ್ದೀರಿ, ಆಮೇಲಿನದಕ್ಕೆ ಒಂದು ಸಾಲು: 'ಅವರನ್ನು ಪುನರ್ವಸತಿ ಕೇಂದ್ರಕ್ಕೆ ಕಳಿಸಲಾಯಿತು.' ಕಳಿಸಿದ ಮೇಲೆ? 1956ರ ಅನೈತಿಕ ಸಾಗಾಟ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಹೀಗೆ ಬಿಡಿಸಿದವರನ್ನು ಒಂದರಿಂದ ಮೂರು ವರ್ಷ ರಕ್ಷಣಾ ಗೃಹದಲ್ಲಿ ಇಡಿಸಬಹುದು. ವಯಸ್ಕ ಹೆಂಗಸರನ್ನು ಇಷ್ಟವಿಲ್ಲದೆ ಹೀಗೆ ಕೂಡಿಹಾಕುವ ಬಗ್ಗೆ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಕೊಟ್ಟ ನಿರ್ದೇಶನಗಳನ್ನು ಹುಡುಕಿ ಓದಿ. ಪರಿಹಾರದ ದುಡ್ಡಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಹಾಕಬಹುದು. ಜೀತದ ಪ್ರಕರಣ ಎಂದು ಅಧಿಕಾರಿ ಬಿಡುಗಡೆ ಪತ್ರ ಬರೆದುಕೊಟ್ಟರೆ, ಜೀತದಿಂದ ಬಿಡುಗಡೆಯಾದವರ ಪುನರ್ವಸತಿಯ ಕೇಂದ್ರ ಯೋಜನೆಯಲ್ಲಿ ವೇಶ್ಯಾಗೃಹದಿಂದ ಬಿಡಿಸಿದವರಿಗೆ 3 ಲಕ್ಷ ರೂಪಾಯಿವರೆಗೂ ನೆರವಿದೆ. ನಿಮ್ಮ ಹುಡುಗಿಗೆ ಇದರಲ್ಲಿ ಯಾವುದು ಸಿಕ್ಕಿತು? ಆ ಕಾಗದ ಕೊಟ್ಟರಾ? ಇದನ್ನು ಕೇಳಿಕೊಂಡು ಬಂದರೆ ದಾಳಿಯ ವರ್ಣನೆಯನ್ನು ಅರ್ಧ ಪುಟಕ್ಕೆ ಇಳಿಸಲು ನಿಮಗೇ ಮನಸ್ಸಾಗುತ್ತದೆ.

ಅಂಕಿಯ ಬಗ್ಗೆ ಒಂದು ಮಾತು. 'ಲಕ್ಷಾಂತರ ದೇವದಾಸಿಯರು' ಎಂದು ಎಲ್ಲಿಂದ ತಂದಿರಿ? ಮಹಿಳಾ ಅಭಿವೃದ್ಧಿ ನಿಗಮದ ಸಮೀಕ್ಷೆಯಲ್ಲಿ 1993-94ರಲ್ಲಿ 22,873 ಮಂದಿ, 2007-08ರಲ್ಲಿ ಬಿಟ್ಟುಹೋಗಿದ್ದವರು 23,787 ಮಂದಿ ಸಿಕ್ಕರು. ಅದನ್ನೇ ಬಳಸಿ. ಅವರೆಲ್ಲರೂ ಕಳ್ಳಸಾಗಣೆಗೆ ಸಿಕ್ಕವರು ಎಂದು ಮಾತ್ರ ಬರೆಯಬೇಡಿ. ಎರಡರ ನಡುವೆ ನಂಟಿದೆ, ಎರಡೂ ಒಂದೇ ಅಲ್ಲ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 'ನರಕಕೂಪ', 'ಬಾಡಿದ ಹೂ', 'ಕಾಮುಕ ರಾಕ್ಷಸರು' ಹೊಡೆದುಹಾಕಿ. ಆ ತಾಯಿಯ ಪ್ಯಾರಾದಲ್ಲಿ ಇಂಥದ್ದು ಒಂದೂ ಇಲ್ಲ, ಗಮನಿಸಿದ್ದೀರಾ?

ಸಾವಿರದ ಇನ್ನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ. ಅವಸರ ಬೇಡ, ಬೆಳಗಾವಿಗೋ ಕೊಪ್ಪಳಕ್ಕೋ ಹೋಗಿಬರಲು ಸಮಯ ಬೇಕಾದರೆ ತಗೊಳ್ಳಿ. ಹುಡುಗಿಯ ಜೊತೆ ಮತ್ತೆ ಮಾತಾಡುವುದಾದರೆ ಮೊದಲು ಆಕೆಯ ಒಪ್ಪಿಗೆ ಕೇಳಿ, ಕೌನ್ಸೆಲರ್ ಜೊತೆಗಿರಲಿ. ಬೇಡ ಅಂದರೆ ಒತ್ತಾಯ ಮಾಡಬೇಡಿ, ಬಿಡುಗಡೆ ಪತ್ರದ ವಿಚಾರ ಉಪವಿಭಾಗಾಧಿಕಾರಿ ಕಚೇರಿಯಲ್ಲೂ ಕೇಳಬಹುದು.

ಇಂತಿ,
ಸಂಪಾದಕ