ಸಂಪಾದಕರ ಉತ್ತರ: ಹಳೆ ಬಿಲ್ಡಿಂಗಿನ ಕರೆಂಟ್ ಬಿಲ್ ಯಾರ ತಲೆನೋವು?

ಮುಂಬಯಿಯ ಮುಲುಂಡಿನ ಓದುಗರೊಬ್ಬರು ಸ್ವಲ್ಪ ಖಾರವಾಗಿಯೇ ಬರೆದಿದ್ದಾರೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ 'ಹಸಿರು' ಆಫೀಸುಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. "ನಮ್ಮ ಹೌಸಿಂಗ್ ಸೊಸೈಟಿಗೆ ನಲವತ್ತು ವರ್ಷವಾಯಿತು. ಏಪ್ರಿಲ್ ಬಂತೆಂದರೆ ಮೇಲಿನ ಮಹಡಿಯವರಿಗೆ ನಿದ್ದೆಯಿಲ್ಲ. ಸರ್ಕಾರದ ನಿಯಮಗಳೆಲ್ಲ ಹೊಸ ಟವರುಗಳಿಗೆ. ನಮಗೆ ಒಳ್ಳೆಯ ಎಸಿ ಕೊಳ್ಳಲು ಸಬ್ಸಿಡಿಯಾದರೂ ಕೊಡಲಿ ಎಂದು ಬರೆಯಿರಿ" ಎನ್ನುತ್ತಾರೆ.

ಸ್ವಾಮಿ, ನಿಮ್ಮ ದೂರು ಸರಿ. ಕೇಳಿದ ಪರಿಹಾರ ಮಾತ್ರ ನನಗೆ ಒಪ್ಪಿಗೆಯಿಲ್ಲ.

ಇಂಧನ ಸಂರಕ್ಷಣಾ ಕಾಯ್ದೆ ಬಂದಿದ್ದು 2001ರಲ್ಲಿ. ಕಟ್ಟಡಗಳು ಕರೆಂಟ್ ಉಳಿಸುವಂತೆ ಕಟ್ಟಬೇಕೆನ್ನುವ ಸಂಹಿತೆ ಬಂದಿದ್ದು 2007ರಲ್ಲಿ, ಅದೂ ಹೊಸದಾಗಿ ಕಟ್ಟುವ ದೊಡ್ಡ ವಾಣಿಜ್ಯ ಕಟ್ಟಡಗಳಿಗೆ. 2022ರ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಸೇರಿಸಿತು. ಅಲ್ಲೂ ಕಣ್ಣಿರುವುದು ದೊಡ್ಡ, ಹೊಸ ಕಟ್ಟಡಗಳ ಮೇಲೆಯೇ. ಈಗಾಗಲೇ ನಿಂತಿರುವ ಕಟ್ಟಡಗಳಿಗೆ ಇರುವುದು ಬಿಇಇಯ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಸ್ಟಾರ್. 2009ರಲ್ಲಿ ಆಫೀಸುಗಳಿಂದ ಶುರುವಾಯಿತು. ವರ್ಷಕ್ಕೆ ಒಂದು ಚದರ ಮೀಟರಿಗೆ ಎಷ್ಟು ಯೂನಿಟ್ ಕರೆಂಟ್ ಹೋಗುತ್ತದೆ ಎಂದು ನೋಡಿ ಸ್ಟಾರ್ ಕೊಡುತ್ತಾರೆ. ಆದರೆ ಅದು ಕಡ್ಡಾಯವಲ್ಲ. ಒಂದೇ ಸ್ಟಾರ್ ಬರುತ್ತದೆ ಎಂದು ಗೊತ್ತಿರುವವನು ಸುಮ್ನೆ ಯಾಕೆ ಅರ್ಜಿ ಹಾಕುತ್ತಾನೆ? ನ್ಯೂಯಾರ್ಕಿನಲ್ಲಿ ಹಾಗಿಲ್ಲ. ದೊಡ್ಡ ಕಟ್ಟಡಗಳು ಪ್ರತಿ ವರ್ಷ ತಮ್ಮ ಬಳಕೆಯ ಲೆಕ್ಕ ಒಪ್ಪಿಸಬೇಕೆಂದು 2009ರಲ್ಲೇ ಕಾನೂನು ಮಾಡಿದರು. ಹತ್ತು ವರ್ಷ ಬಿಟ್ಟು, ಕಟ್ಟಡದ ಇಂಗಾಲದ ಹೊರಸೂಸುವಿಕೆ ಮಿತಿ ಮೀರಿದರೆ ದಂಡ ಎಂದರು. ಹಳೆ ಕಟ್ಟಡಗಳಿಗೂ ಸೇರಿಸಿಯೇ.

ಈಗ ಎಸಿ ವಿಷಯ. ಮೇಲಿನ ಮಹಡಿಯ ಮನೆಗೆ ಎಸಿ ಸಬ್ಸಿಡಿ ಕೊಡುವುದೆಂದರೆ ಕಾವಲಿ ಒಲೆಯ ಮೇಲಿಟ್ಟುಕೊಂಡೇ ಬೀಸಣಿಗೆ ಬೀಸಿದ ಹಾಗೆ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ರಾತ್ರಿ ಆ ಬಿಸಿಯನ್ನು ಮನೆಯೊಳಗೆ ಬಿಡುತ್ತದೆ. ಮೊದಲು ನೋಡಬೇಕಾದದ್ದು ಟೆರೇಸ್. ವಾಟರ್‌ಪ್ರೂಫಿಂಗ್ ಮಾಡಿಸುವಾಗ ಮೇಲೆ ಬಿಳಿ ಚೈನಾ ಮೊಸಾಯಿಕ್ (ಒಡೆದ ಟೈಲ್ ಚೂರುಗಳ ಹಾಸು) ಹಾಕಿಸಿದರೆ ಬಿಸಿಲಿನ ದೊಡ್ಡ ಪಾಲು ವಾಪಸ್ ಹೋಗುತ್ತದೆ. ನಮ್ಮಲ್ಲಿ ಮಳೆ ಸೋರಿಕೆಗೆಂದು ಟೆರೇಸಿನ ಮೇಲೆ ಪತ್ರಾ (ತಗಡಿನ) ಶೆಡ್ ಹಾಕುತ್ತಾರಲ್ವಾ, ಗಾಳಿಯಾಡುವಂತಿದ್ದರೆ ಅದೂ ಸ್ಲ್ಯಾಬಿಗೆ ನೆರಳೇ (ಪಾಲಿಕೆಯ ಅನುಮತಿ ಪಡೆದು ಹಾಕಿ, ಆಮೇಲೆ ನನ್ನ ಹೆಸರು ಹೇಳಬೇಡಿ). ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿ ತಂದಿದೆ. ಮಹಾರಾಷ್ಟ್ರಕ್ಕೆ ಆಗದ್ದೇನಲ್ಲ.

ಹಾಗಾದರೆ ಯಾರೂ ಯಾಕೆ ಮಾಡಿಸುವುದಿಲ್ಲ? ಮುಂಬಯಿಯಲ್ಲಿ ಇದಕ್ಕೆ ಎರಡು ಕಾರಣ. ಒಂದು, ಮನೆ ಒಬ್ಬರದು, ಬಿಲ್ ಇನ್ನೊಬ್ಬರದು. ಮಾಲೀಕ ಅಗ್ಗದ ಫ್ಯಾನ್, ಅಗ್ಗದ ಎಸಿ ಹಾಕಿಸುತ್ತಾನೆ. ಬಾಡಿಗೆಯವನದು ಹನ್ನೊಂದು ತಿಂಗಳ ಕರಾರು, ಅವನೇಕೆ ಖರ್ಚು ಮಾಡಿಯಾನು? ಇನ್ನೊಂದು ರೀಡೆವಲಪ್‌ಮೆಂಟ್, ಅಂದರೆ ಹಳೆಯದನ್ನು ಕೆಡವಿ ಹೊಸದು ಕಟ್ಟುವುದು. "ಬಿಲ್ಡರ್ ಬರ್ತಾನೆ, ಎಲ್ಲ ಒಡೀತಾರೆ, ಈಗ ದುಡ್ಡು ಹಾಕೋದ್ಯಾಕೆ?" ಈ ಮಾತು ಕೇಳದ ಜನರಲ್ ಬಾಡಿ ಮೀಟಿಂಗ್ ಈ ಊರಿನಲ್ಲಿ ಇಲ್ಲ. ಹಾಗೆ ಕಾಯುತ್ತಾ ಹತ್ತು-ಹದಿನೈದು ವರ್ಷ ಕಳೆದ ಸೊಸೈಟಿಗಳಿವೆ. ಅಷ್ಟೂ ವರ್ಷ ಹಲವು ಸಲ ಮೋಟಾರಿನ ತಂತಿ ಸುತ್ತಿಸಿದ (ರಿವೈಂಡ್) ಅದೇ ಪಂಪ್ ಕೆಳಗಿನ ಟ್ಯಾಂಕಿನಿಂದ ಮೇಲಕ್ಕೆ ನೀರೆತ್ತುತ್ತಿರುತ್ತದೆ. ಕರೆಂಟ್ ಜಾಸ್ತಿ ತಿನ್ನುತ್ತದೆ, ಎಲ್ಲರ ಮೇಂಟೆನೆನ್ಸಿನಲ್ಲಿ ಆ ಬಿಲ್ ಸೇರಿರುತ್ತದೆ. ಯಾರೂ ಕೇಳುವುದಿಲ್ಲ.

ಫ್ಯಾನಿನ ಲೆಕ್ಕವನ್ನೇ ನೋಡಿ. ಹಳೆಯದು ಸುಮಾರು 75 ವ್ಯಾಟ್, ಈಗಿನ ಬಿಎಲ್‌ಡಿಸಿ (ಕಡಿಮೆ ಕರೆಂಟ್ ತಿನ್ನುವ ಮೋಟಾರಿನ) ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆಯಂತೆ ವರ್ಷಕ್ಕೆ 300 ದಿನ ತಿರುಗಿದರೆ 162 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಸುಮಾರು 1,300 ರೂಪಾಯಿ. ಮೂರು ಸಾವಿರದ ಫ್ಯಾನಿನ ದುಡ್ಡು ಎರಡೂವರೆ ವರ್ಷದೊಳಗೆ ಬಂತು. ಬಿಲ್ಡರ್ ಬಂದರೂ ಫ್ಯಾನ್ ಬಿಚ್ಚಿಕೊಂಡು ಹೋಗಬಹುದು!

ಸರ್ಕಾರ ಏನು ಮಾಡಬೇಕು ಎಂದರೆ, ಹೊಸ ಕಚೇರಿ, ಹೊಸ ಇನ್‌ಸ್ಪೆಕ್ಟರ್ ಬೇಡ. ಈಗಿರುವ ಒಂದು ಪದ್ಧತಿಗೇ ಇದನ್ನು ಜೋಡಿಸಲಿ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡ ಗಟ್ಟಿಯಿದೆಯೇ ಎಂಬ ತಪಾಸಣೆ) ಇಲ್ಲಿ ಹೇಗೂ ಆಗಲೇಬೇಕು. ಎಂಜಿನಿಯರ್ ಬರುತ್ತಾರೆ, ಟೆರೇಸ್ ಹತ್ತುತ್ತಾರೆ, ರಿಪೇರಿಯ ಪಟ್ಟಿ ಬರೆಯುತ್ತಾರೆ. ಅದೇ ವರದಿಯಲ್ಲಿ ಛಾವಣಿ, ಪಂಪ್, ಲಿಫ್ಟ್, ಮೆಟ್ಟಿಲ ದೀಪದ ಬಗ್ಗೆ ಒಂದು ಪುಟ ಕಡ್ಡಾಯ ಮಾಡಿದರೆ ಸಾಕು. ಒಮ್ಮೆ ಸಾರುವೆ ಕಟ್ಟಿದ ಮೇಲೆ ಈ ಕೆಲಸಗಳಿಗೆ ಆಗುವ ಹೆಚ್ಚಿನ ಖರ್ಚು ಕಡಿಮೆ. ಸಾರುವೆ ಬಿಚ್ಚಿದ ಮೇಲೆ ಬುದ್ಧಿ ಬಂದರೆ ಮತ್ತೆ ಅಷ್ಟೂ ದುಡ್ಡು.

ದುಡ್ಡಿನ ಪ್ರಶ್ನೆಗೂ ಪಕ್ಕದಲ್ಲೇ ಮಾದರಿಯಿದೆ. ಸೋಲಾರ್, ಮಳೆನೀರು ಕೊಯ್ಲು, ಕಸದಿಂದ ಗೊಬ್ಬರ ಮಾಡುವ ಸೊಸೈಟಿಗಳಿಗೆ ಪುಣೆ ಪಾಲಿಕೆ ಆಸ್ತಿ ತೆರಿಗೆಯಲ್ಲಿ 5ರಿಂದ 10% ರಿಯಾಯಿತಿ ಕೊಡುತ್ತದೆ. ಅದೇ ರಿಯಾಯಿತಿಯನ್ನು ಕರೆಂಟ್ ಇಳಿಸಿದವರಿಗೂ ಕೊಡಬಹುದು. ಸರ್ಕಾರಿ ಕಟ್ಟಡಗಳಲ್ಲಿ ಇಇಎಸ್‌ಎಲ್ ಎಂಬ ಸರ್ಕಾರಿ ಇಂಧನ ಉಳಿತಾಯ ಕಂಪನಿ ತಾನೇ ದುಡ್ಡು ಹಾಕಿ ದೀಪ, ಎಸಿ ಬದಲಿಸಿ, ಉಳಿತಾಯದಿಂದ ವಸೂಲು ಮಾಡಿಕೊಳ್ಳುತ್ತದೆ. ಸೊಸೈಟಿಗಳ ಬಾಗಿಲಿಗೂ ಆ ವ್ಯವಸ್ಥೆ ಬರಲಿ. ಎಸಿ ಸಬ್ಸಿಡಿಗಿಂತ ಇದನ್ನು ಕೇಳಿದರೆ ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ.

ಅಷ್ಟರಲ್ಲಿ ನಿಮ್ಮಲ್ಲಿ ಈ ವರ್ಷ ಪೇಂಟಿಂಗ್ ಇದೆ ಎಂದು ಬರೆದಿದ್ದೀರಿ. ಟೆಂಡರ್ ಕರೆಯುವ ಮುಂಚೆ ಟೆರೇಸಿಗೂ ಪಂಪಿಗೂ ಬೇರೆ ಬೇರೆ ಕೊಟೇಶನ್ ತರಿಸಿ. ಸೊಸೈಟಿಯ ಕಾಮನ್ ಮೀಟರಿನ ಕಳೆದ ಹನ್ನೆರಡು ತಿಂಗಳ ಬಿಲ್ಲುಗಳನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. ಜನರಲ್ ಬಾಡಿಯಲ್ಲಿ ಏನಾಯಿತು ಎಂದು ಬರೆದು ತಿಳಿಸಿ, ಜಗಳವಾದರೂ ಪ್ರಕಟಿಸುತ್ತೇವೆ.

— ಸಂ.