ಏಟು ತಿಂದವನ ಮನೆಗೆ ಮೊದಲು ಹೋಗಿ

(ಪತ್ರದ ಸಾರ: ನಿವೃತ್ತ ಇಂಜಿನಿಯರ್ ಒಬ್ಬರು ಬರೆದಿದ್ದಾರೆ. ಆರನೆಯ ತರಗತಿಯಲ್ಲಿದ್ದಾಗ ಧ್ವಜ ದಿನದ ಚೀಟಿ ಮಾರಿ ಕೂಡಿಸಿದ್ದ ಹಣದ ಡಬ್ಬಿಯಿಂದ ಐದು ರೂಪಾಯಿಯ ನೋಟು ಕದ್ದರು. ಅನುಮಾನ ಹೋದದ್ದು ದಿನವೂ ಶಾಲೆಯ ಬೀಗ ತೆರೆದು ಕಸ ಗುಡಿಸುತ್ತಿದ್ದ ಸಹಪಾಠಿಯ ಮೇಲೆ. ಮುಖ್ಯೋಪಾಧ್ಯಾಯರು ಅವನನ್ನು ಎಲ್ಲರೆದುರು ಹೊಡೆದರು. ಮಾರನೆಯ ದಿನ ಅವನ ತಂದೆ ಬಂದು ಹಣ ಕಟ್ಟಿ ಹೋದರು. ಮುಂದಿನ ತಿಂಗಳು ಊರಿನಲ್ಲಿ ನಡೆಯುವ ಗುರುವಂದನೆಯ ವೇದಿಕೆಯಲ್ಲಿ ಇದನ್ನು ಒಪ್ಪಿಕೊಳ್ಳಲು ಇವರು ನಿರ್ಧರಿಸಿದ್ದಾರೆ. ಅದಕ್ಕೂ ಮೊದಲು ಪತ್ರವನ್ನು ಇಬ್ಬರ ಹೆಸರಿನೊಡನೆ ಪ್ರಕಟಿಸಬೇಕೆಂದು ಕೋರಿದ್ದಾರೆ.)

ಮಾನ್ಯರೇ,

ನಿಮ್ಮ ಪತ್ರವನ್ನು ನೀವು ಕೇಳಿದಂತೆ ನಾವು ಪ್ರಕಟಿಸುತ್ತಿಲ್ಲ. ನಿಮ್ಮ ಹೆಸರು ಹಾಕಲು ನಮಗೆ ಅಡ್ಡಿಯಿರಲಿಲ್ಲ. ಅಡ್ಡಿ ಇರುವುದು ಆ ಇನ್ನೊಂದು ಹೆಸರಿಗೆ. ಊರು ಆ ಸಂಗತಿಯನ್ನು ಬಹುಶಃ ಎಂದೋ ಮರೆತಿದೆ. ಈಗ ಅಂಗಡಿಯಲ್ಲಿ ತೂಗುವ ನಮ್ಮ ಪತ್ರಿಕೆಯಲ್ಲಿ ಕಳವಿನ ಕತೆಯ ಪಕ್ಕದಲ್ಲಿ ಆತನ ಹೆಸರು ಅಚ್ಚಾದರೆ, ‘ಆತ ಕದ್ದಿರಲಿಲ್ಲವಂತೆ’ ಎಂದು ಮೊಮ್ಮಕ್ಕಳವರೆಗೆ ಮಾತು ಹೋಗುತ್ತದೆ. ನಿರಪರಾಧಿ ಎಂದು ಸಾರುವುದಕ್ಕೂ ಮೊದಲು ಆತನ ಅನುಮತಿ ಬೇಡವೇ?

ನೀವು ಗಾಂಧೀಜಿಯವರನ್ನು ನೆನೆದಿದ್ದೀರಿ. ಹದಿನೈದನೆಯ ವಯಸ್ಸಿನಲ್ಲಿ ಅವರು ಅಣ್ಣನ ಚಿನ್ನದ ತೋಳಬಂದಿಯಿಂದ ಒಂದು ಚೂರು ಕತ್ತರಿಸಿ ಸುಮಾರು 25 ರೂಪಾಯಿಯ ಸಾಲ ತೀರಿಸಿದರು. ಆಮೇಲೆ ತಡೆಯಲಾಗದೆ ಚೀಟಿ ಬರೆದು, ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದ ತಂದೆಯ ಕೈಗೆ ಕೊಟ್ಟರು. ತಂದೆಯ ಕಣ್ಣೀರಿಗೆ ಕಾಗದ ತೊಯ್ದಿತು, ಅವರು ಅದನ್ನು ಹರಿದು ಹಾಕಿದರು. ಇದನ್ನು ಓದಿ ಕರಗದವರಿಲ್ಲ. ಆದರೆ ನಿಮ್ಮ ಸಂಗತಿಗೆ ಇದನ್ನು ಹೋಲಿಸುವಾಗ ಸ್ವಲ್ಪ ನಿಧಾನಿಸಬೇಕು. ಆ ಸಾಲ ಅದೇ ಅಣ್ಣನದು, ಬಂಗಾರವೂ ಅವನ ತೋಳಿನದೇ. ನಡುವೆ ಮೂರನೆಯವನ ಬೆನ್ನಿಗೆ ಬರೆ ಬಿದ್ದಿರಲಿಲ್ಲ. ಚೀಟಿ ಹೋದದ್ದು ಸಭೆಗಲ್ಲ, ಒಬ್ಬರೇ ಒಬ್ಬರ ಕೈಗೆ. ಅದರಲ್ಲಿ ಶಿಕ್ಷೆಯನ್ನೂ ಕೇಳಿದ್ದರು.

ನಿಮ್ಮದಕ್ಕೆ ಹತ್ತಿರವಾದದ್ದು ಅದೇ ಆತ್ಮಕಥೆಯಲ್ಲಿ ಅದಕ್ಕಿಂತ ಮೊದಲೇ ಬರುವ ಇನ್ನೊಂದು ಕಳವು. ಹನ್ನೆರಡು-ಹದಿಮೂರರ ಹುಡುಗ ಮೋಹನದಾಸ ಬೀಡಿ ಸೇದುವ ಚಟಕ್ಕೆ ಮನೆಯ ಆಳುಗಳ ಪುಡಿಗಾಸನ್ನು ಕದಿಯುತ್ತಿದ್ದರು. ನಾವು ಶಾಲೆಗಳಲ್ಲಿ ತೋಳಬಂದಿಯ ಕತೆಯನ್ನೇ ಹೇಳುತ್ತೇವೆ, ಆಳುಗಳ ಕಾಸಿನದನ್ನು ಹೇಳುವುದು ಕಡಿಮೆ. ಕಾರಣ ಸುಲಭ: ಅಲ್ಲಿ ಕಣ್ಣೀರು ಸುರಿಸುವ ತಂದೆಯಿಲ್ಲ, ಕಾಸು ಕಳೆದುಕೊಂಡವರು ಏನಂದರೋ ಕೇಳಿದವರಿಲ್ಲ. ದಿವಾನರಾಗಿದ್ದ ಆ ತಂದೆಯ ಮನೆಯಲ್ಲಿ ಕೂಲಿಗಿದ್ದವರು ಅವರು.

‘ಆಗ ನನಗೆ ಹನ್ನೊಂದು ವರ್ಷ, ಅದಕ್ಕೂ ಲೆಕ್ಕವೇ?’ ಎಂದು ಒಂದು ಕಡೆ ಕೇಳಿದ್ದೀರಿ. ಕಾನೂನು ಕೂಡ ಈ ಪ್ರಶ್ನೆಯನ್ನು ಕೇಳಿಕೊಂಡಿದೆ. ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ, ಮಾಡಿದ್ದರ ಸ್ವರೂಪ ಮತ್ತು ಪರಿಣಾಮ ಅರ್ಥವಾಗುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕು. ಹಳೆಯ ದಂಡ ಸಂಹಿತೆಯಲ್ಲಿ ಇದ್ದ ಈ ಮಾತು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ಕದಿಯುವ ಗಳಿಗೆಯಲ್ಲಿ ನಿಮಗೆ ಅಷ್ಟು ಅರಿವಿರಲಿಲ್ಲ ಎಂದು ನಾನು ಒಪ್ಪಲು ಸಿದ್ಧ. ಜಾತ್ರೆ ಎದುರಿಗಿತ್ತು, ಡಬ್ಬಿಗೆ ಬೀಗವಿರಲಿಲ್ಲ. ಆದರೆ ಹುಣಸೆಯ ಬರಲು ಮುರಿದಾಗ ಇನ್ನೊಂದನ್ನು ತರಲು ಮೇಷ್ಟರು ನಿಮ್ಮನ್ನೇ ಕಳುಹಿಸಿದರು ಎಂದು ಬರೆದಿದ್ದೀರಿ. ಎಲೆ ಸವರಿ ತಂದುಕೊಟ್ಟಿರಿ. ಆ ದಾರಿಯಲ್ಲಿ ಹೋಗಿ ಬರುವಷ್ಟು ಹೊತ್ತಿನಲ್ಲಿ ನಿಮಗೆ ಎಲ್ಲವೂ ಅರ್ಥವಾಗಿತ್ತು. ಇಷ್ಟು ವರ್ಷ ನಿದ್ದೆ ಕೆಡಿಸಿದ್ದು ಐದು ರೂಪಾಯಿಯಲ್ಲ, ಆ ಬರಲು.

ಆದರೂ ಆ ಹುಡುಗನನ್ನು ಕ್ಷಮಿಸಬಹುದು. ಹೆದರಿದ್ದ. ಕಳವು ಸಾಬೀತಾಗುವ ಮೊದಲೇ ಬಡವನ ಮಗನ ಮೇಲೆ ಕೈಯೆತ್ತಿದ ದೊಡ್ಡವರು ಎದುರಿಗಿದ್ದರು. (ಶಾಲೆಯಲ್ಲಿ ಮಕ್ಕಳಿಗೆ ದೈಹಿಕ ಶಿಕ್ಷೆ ಕೂಡದೆಂದು ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಹೇಳಿದ್ದು 2009ರಲ್ಲಿ. ‘ನಮ್ಮ ಕಾಲದ ಏಟುಗಳೇ ನಮ್ಮನ್ನು ಮನುಷ್ಯರನ್ನಾಗಿ ಮಾಡಿದವು’ ಎಂದು ಗುರುವಂದನೆಗಳಲ್ಲಿ ಭಾಷಣ ಮಾಡುವವರು ಬೇರೆಯವರ ಏಟನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಒಳ್ಳೆಯದು.) ನನಗೆ ಕಷ್ಟವಾಗುವುದು ಮೂವತ್ತರ ಹರೆಯದ ಇಂಜಿನಿಯರನ್ನು ಕ್ಷಮಿಸುವುದು. ಕೆಲಸ ಸಿಕ್ಕಿತ್ತು, ಹೊಡೆಯುವವರು ಯಾರೂ ಇರಲಿಲ್ಲ, ಹಬ್ಬಕ್ಕೆ ಊರಿಗೆ ಹೋದಾಗ ಆ ತಂದೆ ಇನ್ನೂ ಬದುಕಿದ್ದರು. ಎರಡು ದಿನದ ಕೂಲಿಯನ್ನು ಮಗನ ಕಳವಿಗೆಂದು ಕಟ್ಟಿದವರು, ಮಗನನ್ನು ನಂಬದೆಯೇ ತೀರಿಕೊಂಡರು. ಶಾಲೆಗೆ ನೀವು ಕಟ್ಟಿಸಿಕೊಟ್ಟ ನೀರಿನ ತೊಟ್ಟಿ ಒಳ್ಳೆಯ ಕೆಲಸ. ಆದರೆ ಶಾಲೆಗೆ ನಿಮ್ಮಿಂದ ಬಾಕಿಯೇನೂ ಇರಲಿಲ್ಲ, ಆ ಹಣ ಮಾರನೆಯ ದಿನವೇ ಜಮಾ ಆಗಿತ್ತು.

ವೇದಿಕೆಯ ವಿಚಾರ. ಶಾಲು, ಹಾರ, ಮೈಕು, ಮುಂದಿನ ಸಾಲಿನಲ್ಲಿ ವಯಸ್ಸಾದ ಆ ಮೇಷ್ಟರು. ನೀವು ಗದ್ಗದಿತರಾಗುತ್ತೀರಿ, ಸಭೆ ಚಪ್ಪಾಳೆ ತಟ್ಟುತ್ತದೆ, ‘ಎಂಥ ದೊಡ್ಡ ಮನಸ್ಸು’ ಎಂದು ನಿಮ್ಮನ್ನೇ ಹೊಗಳುತ್ತದೆ. ಆತನನ್ನೂ ಮೇಲೆ ಕರೆದು ಅಪ್ಪಿಕೊಂಡರೆ ಆತ ಏನು ಮಾಡಬೇಕು? ಅಷ್ಟು ಜನರೆದುರು ‘ಕ್ಷಮಿಸುವುದಿಲ್ಲ’ ಎನ್ನಲು ಯಾರಿಂದ ಸಾಧ್ಯ? ಇಲ್ಲವೆನ್ನುವ ಅವಕಾಶವೇ ಇಲ್ಲದವನಿಂದ ಕ್ಷಮೆ ಕೇಳುವುದು ಎರಡನೆಯ ಬಾರಿ ಕಿತ್ತುಕೊಂಡಂತೆ.

ಆದ್ದರಿಂದ ಕಾರ್ಯಕ್ರಮಕ್ಕೆ ಮೊದಲೇ, ಒಬ್ಬರೇ ಹೋಗಿ. ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಏನನ್ನೂ ಹಾಕಬೇಡಿ. ಹಣ್ಣು-ಹಂಪಲು ಒಯ್ದರೂ ಸರಿ, ಬಿಟ್ಟರೂ ಸರಿ, ಹಣದ ಲಕೋಟೆಯಂತೂ ಬೇಡ. ಬರಲಿನ ಸಂಗತಿಯನ್ನು ಬಿಡದೆ ಹೇಳಿ, ಏಕೆಂದರೆ ಅದು ಆತನಿಗೂ ನೆನಪಿರುತ್ತದೆ. ಆತ ಬೈದರೆ ಕೇಳಿಸಿಕೊಳ್ಳಿ. ಬಾಗಿಲು ಹಾಕಿದರೆ ಮರಳಿ ಬನ್ನಿ. ಊರಿಗೆಲ್ಲ ತಿಳಿಯಲಿ ಎಂದು ಆತನೇ ಬಯಸಿದರೆ ವೇದಿಕೆಯೂ ಇದೆ, ನಮ್ಮ ಪುಟಗಳೂ ಇವೆ. ಆಗ ಮೊದಲು ಮಾತನಾಡುವವರು ಯಾರೆಂಬುದನ್ನು ಆತನೇ ತೀರ್ಮಾನಿಸಲಿ.

ನಿಮ್ಮ ಪತ್ರದ ಮೂಲ ಪ್ರತಿಯನ್ನು ಅಂಚೆಯಲ್ಲಿ ಮರಳಿಸಿದ್ದೇವೆ. ಕಚೇರಿಯಲ್ಲಿ ನಕಲು ಇಟ್ಟುಕೊಂಡಿಲ್ಲ.

— ಸಂಪಾದಕ