ಆ ಕುದುರೆಗೆ ದನಿ ಕೊಟ್ಟವರು

ಆಳಂದದ ಓದುಗರೊಬ್ಬರ ಪತ್ರ ಬಂದಿದೆ. ಅವರೂರಿನ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ‘ಕಾಡು ಕುದುರೆ ಓಡಿ ಬಂದಿತ್ತಾ’ ಹಾಡಿಗೆ ನಿರೂಪಕರು ಬೇರೆ ಯಾರದೋ ಹೆಸರು ಹೇಳಿದರಂತೆ. ತೀರಿಹೋದ ಅವರ ತಂದೆ ಹೊಲದಲ್ಲಿ ಗುನುಗುತ್ತಿದ್ದ ಹಾಡದು. “ನಿಜಕ್ಕೂ ಹಾಡಿದವರು ಯಾರು? ಒಂದೇ ಹಾಡು ಹಾಡಿ ಅವರು ಎಲ್ಲಿ ಹೋದರು?” ಎಂದು ಕೇಳಿದ್ದಾರೆ.

ಪ್ರಿಯರೇ,

ಹಾಡಿದವರು ಶಿವಮೊಗ್ಗ ಸುಬ್ಬಣ್ಣ. ‘ಕಾಡು ಕುದುರೆ’ ಚಿತ್ರದ ಈ ಹಾಡನ್ನು ಬರೆದವರೂ ಚಿತ್ರವನ್ನು ನಿರ್ದೇಶಿಸಿದವರೂ ಚಂದ್ರಶೇಖರ ಕಂಬಾರರು. 1978ನೇ ಸಾಲಿನ ಶ್ರೇಷ್ಠ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಸುಬ್ಬಣ್ಣನವರಿಗೆ ಬಂತು. ಅದಕ್ಕೂ ಮುಂಚೆ ಕನ್ನಡದ ‘ಹಂಸಗೀತೆ’ಗೆ ಬಾಲಮುರಳಿಕೃಷ್ಣರು ಈ ಪ್ರಶಸ್ತಿ ಪಡೆದಿದ್ದರು, ನಿಜ. ಆದರೆ ಅವರು ತೆಲುಗರು. ಕನ್ನಡಿಗರಲ್ಲಿ ಸುಬ್ಬಣ್ಣನವರೇ ಮೊದಲಿಗರು. ರಾಜ್‌ಕುಮಾರ್ ಅವರಿಗೆ ‘ಜೀವನ ಚೈತ್ರ’ದಿಂದ ಅದು ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ.

ನಿಮ್ಮ ಪತ್ರ ಓದುತ್ತಿದ್ದಂತೆ ನನಗೆ ಚಿತ್ತಾಪುರ ತಾಲ್ಲೂಕಿನ ನಮ್ಮೂರಿನ ಮನೆ ಕಣ್ಣಿಗೆ ಕಟ್ಟಿತು. ನಮ್ಮ ಕಾಕಾನ ರೇಡಿಯೋಕ್ಕೆ ಹಿಂದಿನ ಮುಚ್ಚಳ ಇರಲಿಲ್ಲ. ಸೆಲ್ಲು ಬೀಳದಂತೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿರುತ್ತಿದ್ದ. ಸೆಲ್ಲು ಸೋತರೆ ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಿದ್ದ. ಈ ಹಾಡು ಬಂತೆಂದರೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತುಬಿಡುತ್ತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬರುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಎಷ್ಟೋ ಸಲ ಸೀದಿದೆ.

‘ಬಂದಿತ್ತಾ’ ಎಂದು ಎಳೆಯುವಲ್ಲಿ ಸುಬ್ಬಣ್ಣ ದನಿಯನ್ನು ನಯ ಮಾಡಲು ಹೋಗುವುದಿಲ್ಲ. ಎದೆ ತುಂಬಿ ಎತ್ತುತ್ತಾರೆ, ಹೊಲದ ಆ ಬದುವಿನಲ್ಲಿ ನಿಂತವರನ್ನು ಈ ಬದುವಿನಿಂದ ಕೂಗಿದ ಹಾಗೆ. ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನಲ್ಲಿ, ಮಲೆನಾಡ ಮಳೆಯಲ್ಲಿ ಹುಟ್ಟಿದ ಮನುಷ್ಯ. ಕಂಬಾರರದು ಬೆಳಗಾವಿ ಸೀಮೆಯ ಜವಾರಿ ಕನ್ನಡ. ಅದು ಸುಬ್ಬಣ್ಣನವರ ಬಾಯಲ್ಲಿ ಎಲ್ಲೂ ತಡವರಿಸಲಿಲ್ಲ. ಅವರು ನಮ್ಮ ಕಡೆಯವರೇ ಎಂದು ನಾನು ಬಹಳ ದಿನ ನಂಬಿದ್ದೆ. ನಿಮ್ಮ ತಂದೆಯವರಿಗೂ ಹಾಗೇ ಅನ್ನಿಸಿರಬೇಕು.

ಎಲ್ಲಿ ಹೋದರು ಎಂದಿರಿ. ಎಲ್ಲೂ ಹೋಗಲಿಲ್ಲ. ವೃತ್ತಿಯಿಂದ ವಕೀಲರು. ಹಾಡಿಕೆಯಲ್ಲಿ ಅವರ ಮನೆ ಸಿನಿಮಾ ಅಲ್ಲ, ಸುಗಮ ಸಂಗೀತ. ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ವನ್ನು ಅವರ ಕಂಠದಲ್ಲಿ ಕೇಳಿ ನೋಡಿ. ಹಾಗಾಗಿ ‘ಒಂದೇ ಹಾಡಿನ ಗಾಯಕ’ ಎಂಬ ಮಾತನ್ನು ನಾನು ಒಪ್ಪಲಾರೆ. ಸಿನಿಮಾ ನೋಡುವವರಿಗೆ ಅವರು ಸಿಕ್ಕಿದ್ದು ಒಂದು ಹಾಡಿನಲ್ಲಿ, ಅಷ್ಟೇ.

2022ರ ಆಗಸ್ಟ್ 11ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. 83 ವರ್ಷವಾಗಿತ್ತು. ಆಗ ನಮ್ಮ ಪತ್ರಿಕೆ ಒಳಪುಟದಲ್ಲಿ ನಾಲ್ಕು ಸಾಲು ಹಾಕಿ ಸುಮ್ಮನಾಯಿತು. ಅದು ನನ್ನದೇ ತಪ್ಪು, ಇವತ್ತಿಗೂ ಚುಚ್ಚುತ್ತದೆ. ನೀವು ಕೇಳಿದ್ದರಿಂದ ಇಷ್ಟಾದರೂ ಬರೆದೆ.

ಬರುವ ನವೆಂಬರಿನಲ್ಲಿ ನಿರೂಪಕರ ಕೈಗೆ ಒಂದು ಚೀಟಿ ಕೊಡಿ. ಸಾಹಿತ್ಯ ಚಂದ್ರಶೇಖರ ಕಂಬಾರ, ಗಾಯನ ಶಿವಮೊಗ್ಗ ಸುಬ್ಬಣ್ಣ ಎಂದು ದಪ್ಪ ಅಕ್ಷರದಲ್ಲಿ ಬರೆದು, ಹಾಡು ಸುರುವಾಗುವ ಮುಂಚೆಯೇ ಕೊಡಿ.

– ಸಂಪಾದಕ, ಕಲಬುರಗಿ